ಧರ್ಮಶಾಲಾದ ವರದಿಗಾರ್ತಿ ಮತ್ತು ನಮ್ಮ ಸ್ಮರಣ ಸಂಚಿಕೆಗಳು

ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ನಾನು ಇದುವರೆಗೆ ಒಂದೇ ಒಂದು ಕೆಟ್ಟ ಸುದ್ದಿ ಓದಿಲ್ಲ. ಅಧ್ಯಕ್ಷರು ಸದಾ ಕ್ರಿಯಾಶೀಲರು, ಖಜಾಂಚಿಯ ಲೆಕ್ಕ ಸದಾ ಸರಿ, ರಾಜ್ಯೋತ್ಸವ ಪ್ರತಿ ವರ್ಷವೂ ಅದ್ದೂರಿ. ಚುನಾವಣೆಯಲ್ಲಿ ಕುರ್ಚಿ ಹಾರಿದ್ದನ್ನು ಮಾತ್ರ ಫೋನಿನಲ್ಲಿ ಕೇಳಿ ತಿಳಿಯಬೇಕು. ಊರು ಬಿಟ್ಟು ಬಂದ ನಾಲ್ಕು ಜನ ನಾವು, ಮನೆಯ ಮಾತು ಅಚ್ಚಾಗುವುದೇಕೆ ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. ಹಿಮಾಚಲದ ಧರ್ಮಶಾಲಾಕ್ಕೆ, ದೇಶಭ್ರಷ್ಟ ಟಿಬೆಟನ್ನರ ಆಡಳಿತ ಕೇಂದ್ರಕ್ಕೆ, ಬಂದು ನೆಲೆಸಿದ ಮೇಲೆ ಅದು ನನಗೆ ರುಚಿಸುತ್ತಿಲ್ಲ.

ಕಾರಣ, ಇಲ್ಲಿನ ಟಿಬೆಟನ್ನರ ನಡುವೆ ಪತ್ರಿಕಾ ವೃತ್ತಿ ಶುರುಮಾಡಿರುವ ಒಬ್ಬ ಹುಡುಗಿ. ಹುಟ್ಟಿ ಬೆಳೆದದ್ದು ಮೈಸೂರು ಜಿಲ್ಲೆಯ ಟಿಬೆಟನ್ ವಸಾಹತು ಬೈಲುಕುಪ್ಪೆಯಲ್ಲಿ. ಅರವತ್ತರ ದಶಕದಲ್ಲಿ ಮೈಸೂರು ಸರ್ಕಾರ ಕೊಟ್ಟ ಕಾಡು ನೆಲವನ್ನು ಹಸನು ಮಾಡಿ ಮುಸುಕಿನ ಜೋಳ ಬೆಳೆದವರ ಮೊಮ್ಮಗಳು. ಅವಳ ಕನ್ನಡ ನನ್ನ ಮಕ್ಕಳ ಕನ್ನಡಕ್ಕಿಂತ ಚೆನ್ನಾಗಿದೆ. ನಮ್ಮ ಸಂಚಿಕೆಯೊಂದನ್ನು ತಿರುವಿ ಹಾಕಿ, “ಅಂಕಲ್, ಇದರಲ್ಲಿ ಸುದ್ದಿ ಎಲ್ಲಿದೆ?” ಎಂದು ಕೇಳಿದವಳು ಅವಳೇ.

ಅವಳು ಕಲಿತ ಮೊದಲ ಪಾಠವೇ ನಮ್ಮ ಪತ್ರಿಕೆಗಳ ರೂಢಿಗೆ ತಿರುಗುಮುರುಗು. ನಮ್ಮಲ್ಲಿ ಅಪಘಾತದ ಸುದ್ದಿಗೂ ಹೆಸರು, ವಯಸ್ಸು, ಊರು ಬೇಕು. ಅವಳು ಟಿಬೆಟ್ಟಿನೊಳಗಿನಿಂದ ಸುದ್ದಿ ಕೊಟ್ಟವರ ಹೆಸರಿರಲಿ, ಅವರ ಹಳ್ಳಿ, ನಂಟು, ಫೋನು ಬಂದ ದಿನ ಯಾವುದನ್ನೂ ಬರೆಯುವಂತಿಲ್ಲ. ಹೊರಗಿನವರಿಗೆ ಸುದ್ದಿ ಮುಟ್ಟಿಸಿದ್ದಕ್ಕೇ ಅಲ್ಲಿ ಜನ ಜೈಲು ಸೇರಿದ್ದಾರೆ. 2009ರಿಂದೀಚೆಗೆ ಟಿಬೆಟ್ಟಿನಲ್ಲಿ 150ಕ್ಕೂ ಹೆಚ್ಚು ಮಂದಿ ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಸತ್ತವರ ಹೆಸರು ಜಗತ್ತಿಗೆಲ್ಲ ತಿಳಿಯಬೇಕು, ತಿಳಿಸಿದವರ ಹೆಸರು ಯಾರಿಗೂ ತಿಳಿಯಬಾರದು. ಹಿಂದೆ ಹಿಮಾಲಯ ದಾಟಿ ವರ್ಷಕ್ಕೆ ಸಾವಿರಾರು ಜನ ಬರುತ್ತಿದ್ದರು. ಅವರನ್ನು ಕೇಳಿ ಸುದ್ದಿಯನ್ನು ತಾಳೆ ನೋಡಬಹುದಿತ್ತು. 2008ರ ಪ್ರತಿಭಟನೆಗಳ ನಂತರ ಆ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿದೆ. ಬೆಂಗಳೂರಿನಲ್ಲಿ ಪತ್ರಿಕೆ ಸೇರಿದ ಹೊಸಬರಿಗೆ ತಮ್ಮ ಹೆಸರು ಅಚ್ಚಾಗುವ ಆತುರ. ಇವಳಿಗೆ ಮಾತ್ರ ಬರೆದ ಸಾಲಿನಲ್ಲಿ ಯಾರಾದರೂ ಸಿಕ್ಕಿಬಿದ್ದಾರೇ ಎಂಬ ದಿಗಿಲು.

ಇದಕ್ಕಿಂತ ಕಷ್ಟದ್ದು ತಮ್ಮವರ ಬಗ್ಗೆ ಬರೆಯುವುದು. ದಲೈ ಲಾಮಾ 2011ರಲ್ಲಿ ರಾಜಕೀಯ ಅಧಿಕಾರ ಬಿಟ್ಟುಕೊಟ್ಟರು. ಈಗ ದೇಶಭ್ರಷ್ಟರ ಆಡಳಿತ ನಡೆಸುವವರು ಚುನಾಯಿತರು, ಅವರನ್ನು ಪ್ರಶ್ನಿಸಲು ಒಂದು ಸಂಸತ್ತೂ ಇದೆ. 2021ರಲ್ಲಿ ಆ ಸಂಸತ್ತು ದೇಶಭ್ರಷ್ಟರ ಅತ್ಯುನ್ನತ ನ್ಯಾಯಪೀಠವಾದ ಸರ್ವೋಚ್ಚ ನ್ಯಾಯ ಆಯೋಗದ ಮೂವರು ಆಯುಕ್ತರನ್ನು ಕಿತ್ತುಹಾಕಿತು. ಆ ಜಗಳ ಹೊಸ ಸದಸ್ಯರ ಪ್ರಮಾಣವಚನಕ್ಕೂ ಹಬ್ಬಿ ತಿಂಗಳುಗಟ್ಟಲೆ ಕೆಲಸ ನಿಂತಿತು. ಇಂಥದ್ದನ್ನು ಬರೆದರೆ ಚೀನಾ ನಗುತ್ತದೆ ಎನ್ನುವ ಹಿರಿಯರಿದ್ದಾರೆ. ಕಚೇರಿಗೆ ಹೋಗಿ ಪ್ರಶ್ನೆ ಕೇಳಿದರೆ, “ನಿನ್ನ ತಂದೆ ನನ್ನ ಸಹಪಾಠಿ ಕಣಮ್ಮಾ” ಎಂದು ಚಹಾ ತರಿಸುವ ಅಧಿಕಾರಿಯೂ ಇದ್ದಾರೆ. ಚಹಾ ಕುಡಿದು ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದನ್ನು ಅವಳು ರೂಢಿಸಿಕೊಂಡಿದ್ದಾಳೆ.

ಹಿಂದಿನವರು ಇದಕ್ಕೆ ಬೆಲೆ ತೆತ್ತಿದ್ದಾರೆ. 1990ರಲ್ಲಿ ಶುರುವಾದ ‘ಮಂಗ್‌ತ್ಸೊ’ ಪತ್ರಿಕೆ ತಮ್ಮ ಆಡಳಿತವನ್ನೇ ಟೀಕಿಸಿ, ವಿರೋಧ ತಾಳಲಾರದೆ 1996ರಲ್ಲಿ ನಿಂತುಹೋಯಿತು. ಅದೇ ವರ್ಷ ‘ಟಿಬೆಟ್ ಟೈಮ್ಸ್’ ಹುಟ್ಟಿತು. ಥಾರ್ಚಿನ್ ಎಂಬವರು ಕಾಲಿಂಪಾಂಗಿನಲ್ಲಿ 1925ರಿಂದ 1963ರವರೆಗೆ ನಡೆಸಿದ ಟಿಬೆಟನ್ ಪತ್ರಿಕೆಯಂತೂ ಈ ವಲಸೆಗಿಂತಲೂ ಹಳೆಯದು.

ಒಗ್ಗಟ್ಟಿನ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಎದುರಿಗೆ ದೈತ್ಯ ಸರ್ಕಾರ, ಹಿಂದಕ್ಕೆ ಹೋಗಲು ಊರಿಲ್ಲ, ಭಾರತದಲ್ಲಿ ಉಳಿಯಲು ಬಹಳ ಮಂದಿಗೆ ನೋಂದಣಿ ಪತ್ರದ ನವೀಕರಣ ತಪ್ಪಿದ್ದಲ್ಲ. ಅವರು ಬಾಯಿ ಮುಚ್ಚಿಕೊಂಡರೆ ಅರ್ಥವಾಗುತ್ತದೆ. ನಮಗೆ ಯಾವ ಚೀನಾ ಇದೆ? ರಜೆ ಸಿಕ್ಕರೆ ರೈಲು ಹತ್ತಿ ಊರಿಗೆ ಹೋಗುವ ನಾವು ಸಭಾಭವನದ ನಿಧಿಯ ಲೆಕ್ಕ ಕೇಳಲೂ ಅಂಜುವುದು ಸಂಕೋಚದಿಂದಲ್ಲ, ಸೋಮಾರಿತನದಿಂದ ಎಂದೇ ನನ್ನ ಅನುಮಾನ.

ಅವಳ ಓರಗೆಯವರು ಒಬ್ಬೊಬ್ಬರಾಗಿ ಕೆನಡಾ, ಫ್ರಾನ್ಸ್, ಅಮೆರಿಕ ಸೇರುತ್ತಿದ್ದಾರೆ. ಸಂಬಳ ನೋಡಿದರೆ ಅವಳೂ ಹೋಗಬೇಕಿತ್ತು. ಸದ್ಯಕ್ಕೆ ಸಂಸತ್ತಿನ ಬಜೆಟ್ ಅಧಿವೇಶನ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾಳೆ.