ಒಂದೆಳೆ ಪಾಕ, 700 ಎಂಎಲ್ ಆಯಿಲ್

ಇದನ್ನು ಬರೆಯುವಾಗಲೂ ಉಗುರಿನ ಸಂದಿಯಲ್ಲಿ ಕಪ್ಪು ಇದೆ. ಸೋಪು, ಪಾತ್ರೆ ತೊಳೆಯುವ ಪುಡಿ, ಹೆಂಡತಿಯ ಕೊಬ್ಬರಿ ಎಣ್ಣೆ, ಎಲ್ಲಾ ಆಯಿತು. ಹೋಗಲಿಲ್ಲ.

ಶುರುವಾಗಿದ್ದು ಒಂದು ಬಿಲ್ಲಿನಿಂದ. ಕಳೆದ ಸಲ ಸ್ಕೂಟರ್ ಸರ್ವೀಸಿಗೆ ಬಿಟ್ಟಾಗ ‘ಬರೀ ಆಯಿಲ್ ಚೇಂಜ್ ಸಾಕು’ ಅಂತ ಎರಡೆರಡು ಸಲ ಹೇಳಿದ್ದೆ. ‘ಆಯ್ತು ಸರ್, ಬರೀ ಆಯಿಲ್’ ಅಂತ ಕೌಂಟರಿನ ಹುಡುಗ ಬರೆದೂಕೊಂಡ. ಸಂಜೆ ಬಿಲ್ 2,180 ರೂಪಾಯಿ. ಅದರಲ್ಲಿ ಆಯಿಲ್ ಎಲ್ಲೋ ಮಧ್ಯದಲ್ಲಿ, ಕರೆಯದೆ ಮದುವೆಗೆ ಬಂದವನ ಹಾಗೆ ಮುದುರಿಕೊಂಡಿತ್ತು. ಸುತ್ತಮುತ್ತ ಪಾಲಿಶ್, ಕಾರ್ಬನ್ ಕ್ಲೀನಿಂಗ್, ಆಯಿಲ್‌ಗೆ ಬೆರೆಸುವ ಇನ್ನೊಂದು ಆಯಿಲ್. ಕೊನೆಯಲ್ಲಿ ‘ಕನ್ಸ್ಯೂಮಬಲ್ಸ್’. ಏನಪ್ಪಾ ಅದು ಅಂದರೆ ‘ಬಟ್ಟೆ, ಗ್ರೀಸು ಎಲ್ಲಾ ಬರುತ್ತೆ ಸರ್’. ನನ್ನ ಗಾಡಿ ಒರೆಸಿದ ಬಟ್ಟೆಗೆ ನಾನೇ ದುಡ್ಡು ಕೊಡಬೇಕು. ಅದರ ಮೇಲೆ ಜಿಎಸ್‌ಟಿ.

ಈಗ ಮತ್ತೆ ಅವರದೇ ಫೋನು. ‘ಸರ್, ನಿಮ್ಮ ಗಾಡಿ ಸರ್ವೀಸ್ ಡ್ಯೂ ಇದೆ. ಪಿಕಪ್ ಕಳಿಸ್ಲಾ?’ ಬೆಳಿಗ್ಗೆ ಒಂದು, ಸಂಜೆ ಒಂದು. ನಮ್ಮ ಅತ್ತೆ ಕೂಡ ಇಷ್ಟು ವಿಚಾರಿಸಿಕೊಂಡವರಲ್ಲ. ಮೂರನೇ ದಿನ ತಡೆಯಲಾಗಲಿಲ್ಲ. ‘ನಾನೇ ಹಾಕ್ಕೋತೀನಿ’ ಅಂದುಬಿಟ್ಟೆ.

ಆಯಿಲ್ ತರೋದೇನು ಮಹಾ ಅಂದುಕೊಂಡು ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವನು ತಲೆ ಎತ್ತದೆ ‘ಗೇರ್ ಗಾಡಿನಾ, ಸ್ಕೂಟರಾ?’ ಅಂದ. ಗೇರ್ ಬೈಕಿಗೆ ಎಂಎ ಅನ್ನೋ ಗ್ರೇಡಿನ ಆಯಿಲ್ ಅಂತೆ, ಅದರ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಜಾರಬಾರದು. ಸ್ಕೂಟರಿನ ಕ್ಲಚ್ ಒಣಗಿದ್ದು, ಅದಕ್ಕೆ ಎಂಬಿ. ಆಮೇಲೆ ಆಯಿಲ್ ಎಷ್ಟು ಮಂದ ಅಂತ ಹೇಳೋ ನಂಬರು, 10ಡಬ್ಲ್ಯು-30. ಆ ಡಬ್ಲ್ಯು ಅಂದರೆ ವಿಂಟರ್. ಮೈನಸ್ 25 ಡಿಗ್ರಿ ಚಳಿಯಲ್ಲೂ ಎಂಜಿನ್ ತಿರುಗಲಿ ಅಂತ ಮಾಡಿದ್ದಂತೆ. ಬೆಂಗಳೂರಲ್ಲಿ 15 ಡಿಗ್ರಿಗೆ ಇಳಿದರೆ ಮಂಕಿ ಕ್ಯಾಪ್ ಹಾಕಿಕೊಳ್ಳುವವನು ನಾನು. ನನ್ನ ಗಾಡಿ ಮಾತ್ರ ಹಿಮಾಲಯಕ್ಕೆ ರೆಡಿ.

ನಮ್ಮಪ್ಪನ ಸ್ಕೂಟರಿಗೆ ಈ ರಾಮಾಯಣ ಇರಲಿಲ್ಲ. ಟೂ ಸ್ಟ್ರೋಕ್. ಬಂಕಿನಲ್ಲಿ ಪೆಟ್ರೋಲ್ ಜೊತೆಗೇ 2ಟಿ ಆಯಿಲ್ ಹಾಕಿಸಿ, ಎರಡೂ ಬೆರೆಯಲಿ ಅಂತ ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಿದ್ದರು. ಮುಂದೆ ನಿಂತಿದ್ದ ನಾನೂ ಅದರ ಜೊತೆ ಅಲ್ಲಾಡುತ್ತಿದ್ದೆ. ಆ ನೀಲಿ ಹೊಗೆಯ ವಾಸನೆ ಈಗ ಎಲ್ಲಾದರೂ ಬಂದರೆ, ಕೆಟ್ಟದ್ದು ಅಂತ ಗೊತ್ತಿದ್ದೂ ಎರಡು ಸಲ ಜಾಸ್ತಿ ಮೂಗೆಳೆದುಕೊಳ್ಳುತ್ತೇನೆ.

ಇರಲಿ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕೂತೆ. ಒಂದು ಲೀಟರ್ ಹೊಸ ಆಯಿಲ್, ಒಂದು ಸ್ಪ್ಯಾನರ್, ಖಾಲಿ ಐಸ್‌ಕ್ರೀಮ್ ಡಬ್ಬ. ಕೆಳಗಿನ ಬೋಲ್ಟ್ ಬಿಚ್ಚಿದೆ. ಆಯಿಲ್ ಬಂತು. ನಿಂತೇಹೋಯಿತು. ನೋಡಿದರೆ ಒಂದು ಲೋಟ ಕಾಫಿಯಷ್ಟೂ ಇಲ್ಲ! ಮ್ಯಾನ್ಯುಯಲ್ಲಿನಲ್ಲಿ 700 ಎಂಎಲ್ ಅಂತಿದೆ. ಹಾಗಾದರೆ ಮಿಕ್ಕಿದ್ದು? ಕದ್ದಿದ್ದಾರೆ! ಹೆಂಡತಿಯನ್ನು ಕರೆದು ತೋರಿಸಿದೆ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಭಾವಮೈದ ‘ಕನ್ಸ್ಯೂಮರ್ ಕೋರ್ಟಿಗೆ ಹೋಗಿ ಭಾವ’ ಅಂದ. ಅದೇ ಹುರುಪಿನಲ್ಲಿ ಬೋಲ್ಟ್ ಬಿಗಿದು ಹೊಸ ಆಯಿಲ್ 700 ಎಂಎಲ್ ಅಳೆದು ಸುರಿದೆ.

ಅಷ್ಟು ಹೊತ್ತಿಗೆ ಕೆಳಗಿನ ಮನೆ ರಾಯರು ಬಂದರು. ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು. ಅವರಿಗೂ ಎಂಜಿನ್ನಿಗೂ ಸಂಬಂಧವಿಲ್ಲ. ಆದರೆ ಅವರ ಮನೆಯಲ್ಲಿ ಮೈಸೂರು ಪಾಕ್‌ನಿಂದ ಹಿಡಿದು ಎಲ್ಲಾ ಪಾಕ ಹದ ನೋಡುವವರು ಅವರೇ. ಹಾಗಾಗಿ ದ್ರವ ಅಂತ ಏನು ಕಂಡರೂ ಬೆರಳದ್ದುತ್ತಾರೆ. ಪೇಂಟಿನವನ ಡಬ್ಬಕ್ಕೆ ಅದ್ದಿದ್ದಾರೆ. ಸಂಪು ತೊಳೆಯುವವನ ಬಕೆಟ್ಟಿಗೆ ಅದ್ದಿದ್ದಾರೆ. ಈಗ ನನ್ನ ಐಸ್‌ಕ್ರೀಮ್ ಡಬ್ಬಕ್ಕೆ ಅದ್ದಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಜ್ಜಿದರು. ಬಿಡಿಸಿದರು. ಎಳೆ ಬರುತ್ತಾ ಅಂತ ಬೆಳಕಿಗೆ ಹಿಡಿದರು. ಮೂಸಿದರು. ಕಣ್ಣು ಮುಚ್ಚಿದರು. ನಾನು ಸ್ಪ್ಯಾನರ್ ಹಿಡಿದು ರಿಸಲ್ಟ್‌ಗೆ ಕಾಯುವ ಹುಡುಗನ ಹಾಗೆ ನಿಂತಿದ್ದೆ.

‘ಇದು ಹಳೇ ಆಯಿಲ್ಲಾ?’

‘ಹೌದು ಅಂಕಲ್.’

‘ಹಳೇದಾದ್ರೆ ಕಪ್ಪಗಿರಬೇಕಲ್ಲಯ್ಯ? ಇದು ಜೇನುತುಪ್ಪದ ಹಾಗಿದೆ. ಸುಟ್ಟ ವಾಸನೇನೂ ಇಲ್ಲ.’

ಮ್ಯಾನ್ಯುಯಲ್ ಮತ್ತೆ ತೆಗೆದೆ. ಸ್ಕೂಟರಿನ ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಅಂತ ಬೇರೆಯೇ ಇರುತ್ತೆ, ಅದಕ್ಕೆ ಬೇರೆಯೇ ಬೋಲ್ಟ್. ನಾನು ಬಿಚ್ಚಿದ್ದು ಅದನ್ನು. ಅಂದರೆ ಗೇರ್ ಬಾಕ್ಸ್ ಖಾಲಿ. ಎಂಜಿನ್ನಿನಲ್ಲಿ ಹಳೇದು, ಹೊಸದು ಸೇರಿ ಎರಡರಷ್ಟು.

ಈಗ ಸರಿಯಾದ ಬೋಲ್ಟ್ ಹುಡುಕಿ ಬಿಚ್ಚಿದೆ. ಒಂದು ಲೀಟರಿನ ಡಬ್ಬಕ್ಕೆ ಒಂದೂವರೆ ಲೀಟರ್ ಬಂದರೆ ಏನಾಗುತ್ತೆ ಅನ್ನೋದು ಮೂರನೇ ಕ್ಲಾಸಿನ ಲೆಕ್ಕ. ‘ಡಬ್ಬ ಸಾಲಲ್ಲ ಕಣಯ್ಯ’ ಅಂತ ರಾಯರು ಹೇಳಿದರು. ಹೇಳಿದ್ದು ಅದು ತುಂಬಿ, ಅವರ ಮನೆ ಮುಂದಿನ ರಂಗೋಲಿ ಕಡೆ ಹೊರಟ ಮೇಲೆ. ಹೆಂಡತಿ ಭಾನುವಾರದ ಪೇಪರ್ ತಂದು ಹಾಸಿದಳು. ನಾನಿನ್ನೂ ಪುರವಣಿ ಓದಿರಲಿಲ್ಲ. ಬೋಲ್ಟಿನ ವಾಷರ್ ಡಬ್ಬದೊಳಗೇ ಬಿದ್ದಿತ್ತು. ಕಪ್ಪು ಆಯಿಲ್ಲಿಗೆ ಮಣಿಕಟ್ಟಿನ ತನಕ ಕೈ ಹಾಕಿ ತಡಕುತ್ತಾ ಕೂತೆ. ಹೊಸ ಆಯಿಲ್ 300 ಎಂಎಲ್ ಉಳಿದಿದೆ, ಸಾಲಲ್ಲ. ಇನ್ನೊಂದು ಡಬ್ಬ ತರಬೇಕು. ತರಲು ಗಾಡಿ ಇಲ್ಲ.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನನ್ನ ಕೈ ನೋಡಿ ಹೆಂಡತಿಯೇ ತೆಗೆದು ಸ್ಪೀಕರಿಗೆ ಹಾಕಿದಳು.

‘ಸರ್, ಗುಡ್ ಮಾರ್ನಿಂಗ್. ನಿಮ್ಮ ಗಾಡಿ ಸರ್ವೀಸ್ ಡ್ಯೂ ಇದೆ. ಪಿಕಪ್ ಕಳಿಸ್ಲಾ ಸರ್?’

ನಾನು ಹೆಂಡತಿ ಮುಖ ನೋಡಲಿಲ್ಲ. ‘ಕಳಿಸಿ’ ಅಂದೆ.

‘ಗಾಡಿ ಓಡೋ ಕಂಡೀಷನ್‌ನಲ್ಲಿದೆ ಅಲ್ವಾ ಸರ್?’

ನಾನು ಬಾಯಿ ತೆಗೆಯುವ ಮೊದಲೇ ರಾಯರು ಫೋನಿನ ಹತ್ತಿರ ಬಗ್ಗಿದರು. ಬೆರಳು ಇನ್ನೂ ಉಜ್ಜುತ್ತಲೇ ಇದ್ದರು.

‘ಟೆಂಪೋ ತಗೊಂಡ್ ಬಾರಪ್ಪ’ ಅಂದರು.