ತರಬೇತಿ ಮೂರು ದಿನಕ್ಕೆ ಮುಗಿಯಿತು, ಟ್ಯಾಬ್ ಬೀರು ಸೇರಿತು

ವಿದೇಶಿ ನೆರವಿನಲ್ಲಿ ನಡೆಯುವ ಶಿಕ್ಷಕರ ತರಬೇತಿಗಳಲ್ಲಿ ನಾನು ಕೆಲವು ವರ್ಷ ಸಂಪನ್ಮೂಲ ವ್ಯಕ್ತಿಯಾಗಿದ್ದೆ. ತರಗತಿಯಲ್ಲಿ ಟ್ಯಾಬ್, ಪ್ರೊಜೆಕ್ಟರ್, ಮೊಬೈಲ್ ಇಟ್ಟುಕೊಂಡು ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡುವ ಕೆಲಸ. ಆ ದಿನಗಳಿಂದ ಒಂದು ವಿಷಯ ಮನಸ್ಸಿನಲ್ಲೇ ಕೂತುಬಿಟ್ಟಿದೆ. ಇವತ್ತು ಬರೆದುಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಒಂದು ತರಬೇತಿಯ ಎರಡನೇ ದಿನ ಸಂಜೆ. ಎಲ್ಲರೂ ಎದ್ದು ಹೋಗಿದ್ದರು. ಐವತ್ತು ದಾಟಿದ ಒಬ್ಬ ಮೇಡಂ ಮಾತ್ರ ಕೊನೆ ಬೆಂಚಿನಲ್ಲಿ ಕೂತಿದ್ದರು. ಎದುರಿಗೆ ಟ್ಯಾಬ್. ಅದರ ಮೇಲೆ ಧೂಳು ಬೀಳದ ಹಾಗೆ ಕರ್ಚೀಫ್ ಹಾಸಿದ್ದರು. ಹತ್ತಿರ ಹೋದಾಗ ಮೆಲ್ಲಗೆ ಕೇಳಿದರು, "ಸರ್, ಇದು ಕೆಳಗೆ ಬಿದ್ದು ಒಡೆದರೆ ನಮ್ಮ ಸಂಬಳದಲ್ಲಿ ಹಿಡೀತಾರಾ?"

ಎರಡು ದಿನದಿಂದ ನಾನು ಆಪ್ ಹಾಕಿಕೊಳ್ಳುವುದು, ಸ್ಲೈಡ್ ಮಾಡುವುದು, ರಸಪ್ರಶ್ನೆ ತಯಾರಿಸುವುದು ಅಂತ ಒಂದೇ ಸಮನೆ ಹೇಳುತ್ತಲೇ ಇದ್ದೆ. ಅವರ ತಲೆಯಲ್ಲಿ ಓಡುತ್ತಿದ್ದದ್ದು ಈ ಒಂದು ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯೋಜನೆಯವರನ್ನು ಕೇಳಿದೆ, ಅವರೂ ಸರಿಯಾಗಿ ಹೇಳಲಿಲ್ಲ. ಮೂರನೇ ದಿನ ಸರ್ಟಿಫಿಕೇಟ್ ಕೊಟ್ಟೆವು. ಬ್ಯಾನರ್ ಮುಂದೆ ನಿಂತು ಗ್ರೂಪ್ ಫೋಟೊ ತೆಗೆಸಿಕೊಂಡೆವು. ಹೊರಟೆವು.

ಎಂಟು ತಿಂಗಳ ಮೇಲೆ ಅವರ ಶಾಲೆಗೆ ಹೋದೆ. ಟ್ಯಾಬ್‌ಗಳು ಬೀರುವಿನಲ್ಲಿದ್ದವು. ಡಬ್ಬಿ, ಥರ್ಮಾಕೋಲ್ ಸಮೇತ, ಬಂದದ್ದು ಬಂದ ಹಾಗೇ. ಒಂದನ್ನು ಹೊರಗೆ ತೆಗೆದು ಬಟನ್ ಒತ್ತಿದೆ, ಆನ್ ಆಗಲಿಲ್ಲ. ಪಾಸ್‌ವರ್ಡ್ ಬರೆದಿಟ್ಟಿದ್ದ ಚೀಟಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಒಡೆದರೆ ಯಾರು ಹೊಣೆ ಅಂತಲೇ ಗೊತ್ತಿಲ್ಲದ ವಸ್ತುವನ್ನು ಅಷ್ಟೊಂದು ಮಕ್ಕಳ ಮಧ್ಯೆ ಯಾರು ತಾನೇ ಹೊರಗೆ ತೆಗೆಯುತ್ತಾರೆ? ಆದರೆ ನಮ್ಮ ವರದಿಯಲ್ಲಿ ಆ ಮೇಡಂ "ತರಬೇತಿ ಪಡೆದ ಶಿಕ್ಷಕರು" ಅನ್ನುವ ಲೆಕ್ಕಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ನನ್ನ ತಕರಾರು ಇರುವುದು ಆ ಲೆಕ್ಕದ ಮೇಲೆ. ನೆರವು ಕೊಡುವ ದೇಶ ತನ್ನ ತೆರಿಗೆದಾರರಿಗೆ ಲೆಕ್ಕ ಒಪ್ಪಿಸಬೇಕು, ಅದು ನ್ಯಾಯವೇ. ಹಾಗಾಗಿ ಎಷ್ಟು ಟ್ಯಾಬ್, ಎಷ್ಟು ಶಿಬಿರ, ಎಷ್ಟು ಜನ ಸಹಿ ಹಾಕಿದರು ಅಂತ ಕೇಳುತ್ತಾರೆ. ಇವನ್ನು ಎಣಿಸುವುದು ಸುಲಭ. ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಆ ಟೀಚರ್ ಪಾಠ ಹೇಗೆ ಮಾಡಿದರು ಅಂತ ಎಣಿಸುವುದು ಕಷ್ಟ. ಕಷ್ಟ ಅಂತ ಅದನ್ನು ಬಿಟ್ಟೇಬಿಡುತ್ತಾರೆ.

ಯುನೆಸ್ಕೊ 2018ರಲ್ಲಿ ಶಿಕ್ಷಕರಿಗಾಗಿ ತಂತ್ರಜ್ಞಾನ ಕೌಶಲಗಳ ಚೌಕಟ್ಟಿನ ಮೂರನೇ ಆವೃತ್ತಿ ತಂದಿತು. ಅದರಲ್ಲಿ 18 ಕೌಶಲಗಳಿವೆ, ಮೂರು ಹಂತಗಳಿವೆ. ಒಳ್ಳೆಯ ದಾಖಲೆ. ಒಬ್ಬ ಟೀಚರ್ ಅದನ್ನೆಲ್ಲ ಹತ್ತಲು ವರ್ಷಗಳೇ ಬೇಕು ಅನ್ನುವುದು ಓದಿದ ಕೂಡಲೇ ಗೊತ್ತಾಗುತ್ತದೆ. ನಾವು ಮೂರು ದಿನದಲ್ಲಿ ಮುಗಿಸಿಬಿಡುತ್ತೇವೆ!

ವಸ್ತು ಕೊಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ ಅನ್ನುವುದಕ್ಕೆ ಪೆರು ದೇಶವೇ ಸಾಕ್ಷಿ. ಅಲ್ಲಿ "ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್" ಅಂತ ಲಕ್ಷಗಟ್ಟಲೆ ಪುಟ್ಟ ಲ್ಯಾಪ್‌ಟಾಪ್ ಹಂಚಿದರು. 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ನಡೆಯಿತು. ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 2012ರಲ್ಲಿ ಅದನ್ನು ಪ್ರಕಟಿಸಿತು. ಮಕ್ಕಳು ಕಂಪ್ಯೂಟರ್ ಬಳಸುವುದು ಜಾಸ್ತಿಯಾಗಿತ್ತು. ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ಕೆನ್ಯಾದ ಕಥೆ ನನಗೆ ಇನ್ನೂ ಹತ್ತಿರದ್ದು. ಅಲ್ಲಿನ ಕಿಸುಮು ಪ್ರದೇಶದಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಹಣದಲ್ಲಿ ಓದು ಕಲಿಸುವ ಒಂದು ಯೋಜನೆ ನಡೆಯಿತು. ಕೆಲವು ಕಡೆ ಮಕ್ಕಳಿಗೆ ಇ-ರೀಡರ್ ಕೊಟ್ಟರು. ಕೆಲವು ಕಡೆ ಟೀಚರ್‌ಗೆ ಟ್ಯಾಬ್. ಇನ್ನು ಕೆಲವು ಕಡೆ, ಟೀಚರ್‌ಗೆ ಹೇಳಿಕೊಡಲು ಬರುವ ಮಾರ್ಗದರ್ಶಕರಿಗೆ ಟ್ಯಾಬ್. ಮೂರು ಕಡೆಯೂ ಮಕ್ಕಳ ಓದು ಸುಧಾರಿಸಿತು. ಆದರೆ ಯಾವ ಸಾಧನ ಯಾರ ಕೈಲಿತ್ತು ಅನ್ನುವುದರಿಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮಕ್ಕಳಿಗೆಲ್ಲ ಸಾಧನ ಹಂಚಿದ್ದಕ್ಕೆ ಖರ್ಚು ಮಾತ್ರ ಜಾಸ್ತಿ.

ಆಮೇಲೆ 2015ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿ 'ಟುಸೊಮೆ' ಅನ್ನುವ ಯೋಜನೆ ತಂದಾಗ ಅವರು ಟ್ಯಾಬ್ ಕೊಟ್ಟದ್ದು ಮಾರ್ಗದರ್ಶಕರಿಗೆ. ಇವರು ಹೊರಗಿನಿಂದ ಬಂದ ಪರಿಣತರಲ್ಲ, ಆ ಸರ್ಕಾರದ್ದೇ ನೌಕರರು. ತರಗತಿಯಲ್ಲಿ ಹಿಂದೆ ಕೂತು ಪಾಠ ನೋಡಬೇಕು, ಕೆಲವು ಮಕ್ಕಳನ್ನು ಓದಿಸಿ ಟ್ಯಾಬ್‌ನಲ್ಲಿ ಗುರುತು ಹಾಕಬೇಕು, ಆಮೇಲೆ ಟೀಚರ್ ಜೊತೆ ಕೂತು ಮಾತಾಡಬೇಕು. ಅವರು ನಿಜವಾಗಿ ಶಾಲೆಗೆ ಹೋಗಿದ್ದರಾ ಅಂತ ಜಿಪಿಎಸ್ ಹೇಳುತ್ತಿತ್ತು, ಓಡಾಟದ ಖರ್ಚು ಅದರ ಮೇಲೆ ಸಿಗುತ್ತಿತ್ತು. ಆ ಖರ್ಚಿನ ವಿಷಯ ಓದಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ಯೋಜನೆಗಳಲ್ಲಿ ಶಿಬಿರದ ಹಾಲ್‌ಗೆ ದುಡ್ಡಿರುತ್ತದೆ, ಬ್ಯಾಗಿಗೆ ದುಡ್ಡಿರುತ್ತದೆ. ಒಬ್ಬ ಅನುಭವಿ ಟೀಚರ್ ಪಕ್ಕದ ಶಾಲೆಗೆ ಹೋಗಿಬರುವುದಕ್ಕೆ ಯಾವ ಕಾಲಂನಲ್ಲೂ ದುಡ್ಡಿರುವುದಿಲ್ಲ.

ಸರಿ, ಆ ಮಾರ್ಗದರ್ಶನವನ್ನೂ ಆನ್‌ಲೈನ್ ಮಾಡಿದರೆ ಅಗ್ಗ ಅಲ್ವಾ ಅಂತ ಕೇಳುವವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಅದನ್ನೂ ಮೂರು ವರ್ಷ ಮಾಡಿ ನೋಡಿದರು. ಒಂದಿಷ್ಟು ಶಾಲೆಗೆ ಮಾರ್ಗದರ್ಶಕರು ಖುದ್ದಾಗಿ ಹೋದರು, ಇನ್ನೊಂದಿಷ್ಟು ಶಾಲೆಗೆ ಟ್ಯಾಬ್ ಮತ್ತು ಫೋನ್ ಮೂಲಕವೇ ಹೇಳಿಕೊಟ್ಟರು. ಮೊದಲ ವರ್ಷ ಎರಡೂ ಹೆಚ್ಚುಕಮ್ಮಿ ಒಂದೇ ಅನಿಸಿತು. ಮೂರು ವರ್ಷದ ಕೊನೆಗೆ ಖುದ್ದಾಗಿ ಹೋದ ಕಡೆ ಮಕ್ಕಳ ಇಂಗ್ಲಿಷ್ ಓದು ಸುಧಾರಿಸಿತ್ತು, ದೂರದಿಂದ ಹೇಳಿಕೊಟ್ಟ ಕಡೆ ಇಲ್ಲ. ಅಷ್ಟೇ ಅಲ್ಲ, ದೂರದಿಂದ ಹೇಳಿಕೊಟ್ಟ ಶಾಲೆಗಳಲ್ಲಿ ಮಕ್ಕಳ ಮನೆಮಾತಿನ ಓದು ಹಿಂದೆ ಬಿದ್ದಿತ್ತು. ಒಂದೇ ವರ್ಷಕ್ಕೆ ಫಲಿತಾಂಶ ಕೇಳುವ ಯೋಜನೆ ಆಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಲೇ ಇರಲಿಲ್ಲ.

"ಟೀಚರ್‌ಗಳಿಗೆ ಕಲಿಯುವ ಮನಸ್ಸೇ ಇಲ್ಲ" ಅನ್ನುವ ಮಾತನ್ನು ಮೀಟಿಂಗ್‌ಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಸಹಿಸಲಾಗದ ಮಾತು ಇದು. ಕರ್ಚೀಫ್ ಹಾಸಿದ್ದ ಅದೇ ಮೇಡಂ ತಮ್ಮ ಫೋನಿನಲ್ಲಿ ಬಿಲ್ ಕಟ್ಟುತ್ತಾರೆ, ಮಗಳಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಹೇಗೆ ಕಲಿತರು? ಮನೆಯಲ್ಲಿ ಮಗಳು ಪಕ್ಕದಲ್ಲೇ ಕೂತು ನಾಲ್ಕು ಸಲ ತೋರಿಸಿದಳು. ಐದನೇ ಸಲ ತಪ್ಪಾದಾಗ ನಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಜುಲೈ 1ಕ್ಕೆ ಯುಎಸ್‌ಏಡ್ ತನ್ನ ನೆರವಿನ ಕೆಲಸವನ್ನೇ ನಿಲ್ಲಿಸಿತು, 1961ರಲ್ಲಿ ಶುರುವಾದ ಸಂಸ್ಥೆ. ಬ್ರಿಟನ್ 2021ರಲ್ಲಿ ತನ್ನ ನೆರವನ್ನು ರಾಷ್ಟ್ರೀಯ ಆದಾಯದ 0.7ರಿಂದ 0.5 ಪ್ರತಿಶತಕ್ಕೆ ಇಳಿಸಿತ್ತು. ಈಗ 2027ಕ್ಕೆ 0.3 ಅಂತ ಹೇಳಿದೆ. ಇನ್ನು ಹಣ ಕಡಿಮೆ, ಅದು ಖಚಿತ. ಇರುವಷ್ಟನ್ನಾದರೂ ಉಳಿಯುವ ಕಡೆ ಹಾಕಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಚೀನಾದ ಹಣದಲ್ಲಿ ಯುನೆಸ್ಕೊ 2012ರಿಂದ ಆಫ್ರಿಕಾದ ಎಂಟು ದೇಶಗಳಲ್ಲಿ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳನ್ನೇ ಗಟ್ಟಿ ಮಾಡಲು ಹೊರಟಿತು. ಆ ದಾರಿ ನನಗೆ ಹಿಡಿಸುತ್ತದೆ. ಯೋಜನೆಯ ಆಫೀಸ್ ಮುಚ್ಚಬಹುದು, ಕಾಲೇಜು ಇರುತ್ತದೆ. ಟ್ಯಾಬ್‌ಗಳನ್ನು ಅರ್ಧಕ್ಕೆ ಇಳಿಸಿ, ಉಳಿದ ದುಡ್ಡಿನಲ್ಲಿ ಎರಡು ವರ್ಷ ಅಲ್ಲಿನವರನ್ನೇ ಮಾರ್ಗದರ್ಶಕರಾಗಿ ಇಡಿ. ರಿಪೇರಿಗೆ ಮೊದಲ ದಿನವೇ ಒಂದು ಪಾಲು ಎತ್ತಿಡಿ. ವರದಿಯಲ್ಲಿ ಹಾಜರಿ ಕೇಳುವ ಜಾಗದಲ್ಲಿ, ಆರು ತಿಂಗಳ ಮೇಲೆ ಯಾರು ಏನು ಬಳಸುತ್ತಿದ್ದಾರೆ ಅಂತ ಕೇಳಿ.

ಆ ಮೇಡಂ ಶಾಲೆಯ ಕಡೆ ಆಮೇಲೆ ಇನ್ನೊಂದು ಯೋಜನೆ ಬಂತು. ಈ ಸಲ ಪಕ್ಕದ ಶಾಲೆಯ ಟೀಚರ್ ಒಬ್ಬರನ್ನೇ ಮಾರ್ಗದರ್ಶಕಿಯಾಗಿ ನೇಮಿಸಿದ್ದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅವರು ಮೊದಲು ಮಾಡಿದ ಕೆಲಸ ಕೇಳಿ: ತರಗತಿಯಲ್ಲಿ ಬಳಸುವಾಗ ಟ್ಯಾಬ್ ಒಡೆದರೆ ಯಾರ ಸಂಬಳದಲ್ಲೂ ಹಿಡಿಯುವುದಿಲ್ಲ ಅಂತ ಮೇಲಿನಿಂದ ಬರೆಸಿಕೊಂಡು ಬಂದು, ಆ ಪತ್ರವನ್ನು ಬೀರುವಿನ ಬಾಗಿಲಿಗೆ ಒಳಗಡೆ ಅಂಟಿಸಿದರು.

ಎರಡನೇ ಸಲ ಬಂದಾಗ, "ಅಕ್ಕಾ, ಇವತ್ತು ಬೇರೇನೂ ಬೇಡ, ನಿಮ್ಮ ಪಾಠದ ಹತ್ತು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ" ಅಂದರಂತೆ. ಇಬ್ಬರೂ ಕೂತು ಕೇಳಿದ್ದಾರೆ. ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳಿಬಿಡುವುದು ಮೇಡಂ ಕಿವಿಗೇ ಬಿತ್ತು. ಮೂವತ್ತು ವರ್ಷ ಪಾಠ ಮಾಡಿದವರು, ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಈಗ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾರಂತೆ.

ಆ ಯೋಜನೆಯೂ ಅರ್ಧಕ್ಕೇ ನಿಂತಿತು. ಮಾರ್ಗದರ್ಶಕಿ ತಮ್ಮ ಶಾಲೆಗೆ ವಾಪಸ್ ಹೋದರು. ಆದರೂ ಇಬ್ಬರೂ ಶನಿವಾರ ಶನಿವಾರ ಒಬ್ಬರಿಗೊಬ್ಬರು ತಮ್ಮ ಪಾಠದ ರೆಕಾರ್ಡಿಂಗ್ ಕಳಿಸಿಕೊಳ್ಳುತ್ತಾರೆ. ಕಳೆದ ವಾರ ಮೇಡಂ ನನಗೂ ಒಂದು ಕಳಿಸಿದರು. ಪ್ರಶ್ನೆ ಕೇಳುತ್ತಾರೆ. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಎಲ್ಲೋ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಉತ್ತರ ಹೇಳಲು ಶುರು ಮಾಡುತ್ತದೆ.