ತೊಟ್ಟಿಲು ತೂಗುವ ಟ್ರಸ್ಟು

ಸುದ್ದಿ ನೀವೂ ಓದಿರುತ್ತೀರಿ. ಎಐ ಇನ್ನು ಮುಂದೆ ಮನುಷ್ಯರ ಮಾತು ಕೇಳುತ್ತದಂತೆ. ಅದಕ್ಕಾಗಿ ಅಮೆರಿಕದ ಹತ್ತು ದತ್ತಿ ಸಂಸ್ಥೆಗಳು ಒಟ್ಟಾಗಿವೆ. ಫೋರ್ಡ್, ಮ್ಯಾಕ್‌ಆರ್ಥರ್, ಮೊಜಿಲ್ಲಾ, ಇಬೇ ಕಟ್ಟಿದವರ ಒಮಿಡ್ಯಾರ್ ನೆಟ್‌ವರ್ಕ್, ಹೀಗೆ ಎಲ್ಲಾ ದೊಡ್ಡ ಮನೆತನದವರೇ. 2025ರ ಅಕ್ಟೋಬರ್‌ನಲ್ಲಿ ‘ಹ್ಯುಮ್ಯಾನಿಟಿ ಎಐ’ ಅಂತ ಹೆಸರಿಟ್ಟು ಐದು ವರ್ಷಕ್ಕೆ 50 ಕೋಟಿ ಡಾಲರ್ ಎತ್ತಿಟ್ಟರು. ನಮ್ಮ ದುಡ್ಡಲ್ಲಿ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಒಳ್ಳೆಯ ಕೆಲಸವೇ. ಕೊಂಕು ತೆಗೆಯುವ ಮನಸ್ಸು ನನಗಿಲ್ಲ.

ಏನು ಮಾಡೋದು, ಲೆಕ್ಕ ಹಾಕುವ ಚಟ ಒಂದಿದೆ. ಅದೇ ವರ್ಷ ಜನವರಿಯಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ, ಸಾಫ್ಟ್‌ಬ್ಯಾಂಕ್, ಒರಾಕಲ್‌ನವರು ವೈಟ್‌ಹೌಸ್‌ನಲ್ಲಿ ಟ್ರಂಪ್ ಪಕ್ಕ ನಿಂತು ಎಐಗೆ ಬೇಕಾದ ಡೇಟಾ ಸೆಂಟರ್ ಕಟ್ಟುವ ‘ಸ್ಟಾರ್‌ಗೇಟ್’ ಯೋಜನೆ ಘೋಷಿಸಿದರಲ್ವಾ? ಅದು ನಾಲ್ಕು ವರ್ಷಕ್ಕೆ 50,000 ಕೋಟಿ ಡಾಲರ್. 2025-26ರ ನಮ್ಮ ರಾಜ್ಯ ಬಜೆಟ್ಟನ್ನು ಸಿದ್ದರಾಮಯ್ಯನವರು ಹತ್ತು ಸಲ ಓದಿದರೂ ಅಷ್ಟು ಮೊತ್ತ ಮುಟ್ಟುವುದಿಲ್ಲ. ಅಂದರೆ ಯಂತ್ರ ಕಟ್ಟೋಕೆ ಸಾವಿರ ರೂಪಾಯಿ, ಆ ಯಂತ್ರ ಯಾರ ಮೇಲೂ ಹರಿಯದ ಹಾಗೆ ನೋಡಿಕೊಳ್ಳೋಕೆ ಒಂದು ರೂಪಾಯಿ. ಸಾವಿರಕ್ಕೆ ಒಂದು ಕೈಕುಲುಕು ಸಾಕು. ಒಂದು ರೂಪಾಯಿಗೆ ಅರ್ಜಿ, ಅರ್ಜಿಗೆ ಲಗತ್ತು, ಆರು ತಿಂಗಳಿಗೊಂದು ವರದಿ, ವರದಿಯಲ್ಲಿ ಫಲಾನುಭವಿಗಳ ನಗುಮುಖದ ಫೋಟೋ.

ಓಪನ್‌ಎಐ ಕತೆಯನ್ನಂತೂ ಹೊಗಳಲೇಬೇಕು. 2015ರಲ್ಲಿ ಅದು ಹುಟ್ಟಿದ್ದೇ ಲಾಭ ಬೇಡ ಅಂತ. ಇಡೀ ಮನುಕುಲಕ್ಕೆ ಒಳ್ಳೆಯದಾಗಲಿ ಅಂತ ಸಂಕಲ್ಪ. 2019ರಲ್ಲಿ ಲಾಭ ಇರಲಿ, ಒಂದು ಮಿತಿಯಲ್ಲಿ ಇರಲಿ ಅಂದರು. 2025ರ ಅಕ್ಟೋಬರ್ ಹೊತ್ತಿಗೆ ಮಿತಿಯೂ ಎದ್ದುಹೋಯಿತು. ಹಳೆಯ ಧರ್ಮಸಂಸ್ಥೆಗೆ ‘ಓಪನ್‌ಎಐ ಫೌಂಡೇಶನ್’ ಅಂತ ಹೊಸ ಬೋರ್ಡು ಬಂತು. ಆಗ ಕಂಪನಿಯಲ್ಲಿ ಅದರ ಪಾಲು ಸುಮಾರು ಶೇ 26, ಬೆಲೆ ಹತ್ತಿರ ಹತ್ತಿರ 13,000 ಕೋಟಿ ಡಾಲರ್. ಅದರಲ್ಲಿ 2,500 ಕೋಟಿ ಡಾಲರ್ ಎರಡು ಬಾಬ್ತಿಗೆ ಅಂತ ಮಾತು ಕೊಟ್ಟಿದ್ದಾರೆ. ಒಂದು, ಕಾಯಿಲೆಗಳಿಗೆ ಮದ್ದು. ಇನ್ನೊಂದು, ಎಐನಿಂದ ಆಗಬಹುದಾದ ಅಪಾಯಗಳನ್ನು ಸಮಾಜ ತಾಳಿಕೊಳ್ಳುವ ಹಾಗೆ ಮಾಡುವುದು. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರು ಮೊದಲೂ ಇದ್ದರು. ಆದರೆ ಅವರು ಚಿವುಟುವಾಗ ಆಚೀಚೆ ನೋಡುತ್ತಿದ್ದರು. ತೂಗಿದ್ದಕ್ಕೆ ಪತ್ರಿಕಾ ಪ್ರಕಟಣೆ ಹೊರಡಿಸುತ್ತಿರಲಿಲ್ಲ.

ಈ ಫೌಂಡೇಶನ್ ಕಂಪನಿಯ ಮೇಲೆ ಕಣ್ಣಿಡಬೇಕು, ಅದು ನಿಯಮ. ಎರಡೂ ಮಂಡಳಿಯಲ್ಲಿ ಹೆಚ್ಚುಕಮ್ಮಿ ಅದೇ ಮುಖಗಳು. ಕಂಪನಿ ಸಭೆ ಮುಗಿದು ಫೌಂಡೇಶನ್ ಸಭೆ ಶುರುವಾಗುವಾಗ ಎದ್ದು ಕುರ್ಚಿ ಬದಲಾಯಿಸುತ್ತಾರಾ? ಇಲ್ಲಾ ಕೂತಲ್ಲೇ ಒಂದು ಗುಟುಕು ಕಾಫಿ ಕುಡಿದು, ಮುಖ ಗಂಭೀರ ಮಾಡಿಕೊಂಡು, ತಮ್ಮನ್ನು ತಾವೇ ತರಾಟೆಗೆ ತಗೊಳ್ತಾರಾ? ನಿಜವಾಗಿಯೂ ಪ್ರಶ್ನೆ ಕೇಳಿದ ಮಂಡಳಿ ಒಂದಿತ್ತು. 2023ರ ನವೆಂಬರ್‌ನಲ್ಲಿ ಅದು ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್‌ರನ್ನು ಕೆಲಸದಿಂದ ತೆಗೆಯಿತು. ಐದೇ ದಿನದಲ್ಲಿ ಅವರು ವಾಪಸ್ ಬಂದರು. ತೆಗೆದವರಲ್ಲಿ ಹೆಚ್ಚಿನವರು ಮನೆಗೆ ಹೋದರು. ಆಮೇಲೆ ಆ ಕುರ್ಚಿಗಳಲ್ಲಿ ಕೂರುವವರಿಗೆ ಇಷ್ಟು ಪಾಠ ಸಾಕಲ್ಲವೇ.

ಹೊರಗಿನವರು ಕೇಳಿದರೆ? ಅದಕ್ಕೂ ವ್ಯವಸ್ಥೆ ಇದೆ. ಎನ್‌ಕೋಡ್ ಅಂತ ಒಂದು ಪುಟ್ಟ ಸಂಸ್ಥೆ. ಕೈಬೆರಳಲ್ಲಿ ಎಣಿಸುವಷ್ಟು ಸಿಬ್ಬಂದಿ. ಧರ್ಮಸಂಸ್ಥೆಯನ್ನು ಹೀಗೆ ಲಾಭಕ್ಕೆ ಹೊರಳಿಸುವುದು ಸರಿಯಲ್ಲ ಅಂತ ಅವರು ತಕರಾರು ಎತ್ತಿದ್ದರು. 2025ರಲ್ಲಿ ಅವರಿಗೆ ಓಪನ್‌ಎಐನಿಂದ ಸಮನ್ಸ್ ಹೋಯಿತು. ನಿಮಗೆ ದುಡ್ಡು ಕೊಡುವವರು ಯಾರು, ಹಿಂದೆ ಇಲಾನ್ ಮಸ್ಕ್ ಇದ್ದಾರಾ, ಕಾಗದಪತ್ರ ತೆಗೀರಿ ಅಂತ. ತನ್ನ ಮೇಲೆ ಮಸ್ಕ್ ಹೂಡಿದ ದಾವೆಗೆ ಇದೆಲ್ಲ ಬೇಕು ಅನ್ನೋದು ಕಂಪನಿಯ ವಾದ. ಸಂಸ್ಥೆಯ ವಕೀಲರೊಬ್ಬರು ಹೇಳಿಕೊಂಡಂತೆ, ಅವರು ಹೆಂಡತಿ ಜೊತೆ ರಾತ್ರಿ ಊಟಕ್ಕೆ ಕೂತಿದ್ದಾಗ ಶೆರಿಫ್ ಕಚೇರಿಯವನು ಬಾಗಿಲು ತಟ್ಟಿ ಕಾಗದ ಕೊಟ್ಟುಹೋದ. ನಮ್ಮ ಕಡೆ ಕೋರ್ಟ್ ಅಮೀನರು ಹಗಲು ಹೊತ್ತಲ್ಲಾದರೂ ಬರುತ್ತಾರೆ, ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿದು ಹೋಗುತ್ತಾರೆ. ಮನುಕುಲದ ಹಿತಕ್ಕೆ ಹುಟ್ಟಿದ ಸಂಸ್ಥೆಗೆ ಅಷ್ಟು ಪುರುಸೊತ್ತಿಲ್ಲ.

ಬೇರೆಯವರ ಕತೆ ಬಿಡಿ, ನಮಗೂ ಇಂಥ ಧರ್ಮ ಮಾಡಲು ಬಂದಿದ್ದರು. ‘ಫ್ರೀ ಬೇಸಿಕ್ಸ್’ ನೆನಪಿದೆಯಾ? 2015ರ ಕೊನೆ. ಪೇಪರ್ ತೆಗೆದರೆ ಮುಖಪುಟ ತುಂಬಾ ಜಾಹೀರಾತು, ತಲೆ ಎತ್ತಿದರೆ ಹೋರ್ಡಿಂಗು. ಬಡವರಿಗೆ ಫೇಸ್‌ಬುಕ್ ಪುಕ್ಕಟೆ ಇಂಟರ್ನೆಟ್ ಕೊಡುತ್ತದೆ, ದಯವಿಟ್ಟು ಬೆಂಬಲಿಸಿ! ಆ ಇಂಟರ್ನೆಟ್‌ನಲ್ಲಿ ಏನೇನು ಇರಬೇಕು ಅಂತ ಬಾಗಿಲಲ್ಲಿ ನಿಂತು ನೋಡಿಕೊಳ್ಳುವುದು ಫೇಸ್‌ಬುಕ್ಕೇ. ಫೇಸ್‌ಬುಕ್ ಅಂತೂ ಇದ್ದೇ ಇರುತ್ತದೆ. ಝುಕರ್‌ಬರ್ಗ್ ಖುದ್ದಾಗಿ ಇಲ್ಲಿನ ಪತ್ರಿಕೆಯಲ್ಲಿ ಲೇಖನ ಬರೆದರು. ಅದರಲ್ಲಿ ಮಹಾರಾಷ್ಟ್ರದ ರೈತರೊಬ್ಬರು ಬಂದುಹೋದರು. ಪಾಪ, ನಮ್ಮ ರೈತರು ಯಾರ್‍ಯಾರ ಲೇಖನಕ್ಕೆ ಎಂತೆಂಥ ದುಡಿಮೆ ಮಾಡಬೇಕೋ. ಫೋನು-ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತಲ್ಲ, ಅದಕ್ಕೆ ಉತ್ತರವನ್ನೂ ಫೇಸ್‌ಬುಕ್ಕೇ ಬರೆದಿಟ್ಟಿತ್ತು. ಜನ ಗುಂಡಿ ಒತ್ತಿದರೆ ಆಯ್ತು. ಲಕ್ಷಗಟ್ಟಲೆ ಮೇಲ್ ಹೋಯಿತು. ತಮಾಷೆ ಅಂದರೆ, ಟ್ರಾಯ್ ಕೇಳಿದ್ದು ಒಂದು, ಬಂದ ಉತ್ತರ ಇನ್ನೊಂದು. ಟ್ರಾಯ್‌ನವರು ಸಿಟ್ಟಾಗಿ ಖಾರವಾಗಿಯೇ ಪತ್ರ ಬರೆದರು. 2016ರ ಫೆಬ್ರುವರಿ 8ಕ್ಕೆ, ವೆಬ್‌ಸೈಟ್ ನೋಡಿ ಬೇರೆ ಬೇರೆ ದರ ಹಾಕುವ ಹಾಗಿಲ್ಲ ಅಂತ ಆದೇಶವಾಯಿತು. ಧರ್ಮ ಮುಗಿಯಿತು. ಬಡವರಿಗೆ ಆಮೇಲೆ ಇಂಟರ್ನೆಟ್ ಸಿಕ್ಕಿತು, ಆ ಮಾತು ಬೇರೆ. ಅದಕ್ಕೆ ಯಾರೂ ಹೋರ್ಡಿಂಗ್ ಹಾಕಿಸಿ ಬೆಂಬಲ ಬೇಡಲಿಲ್ಲ.

ನಮ್ಮಲ್ಲಿ ದಾನಕ್ಕೂ ಕಾನೂನಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಸಮಾಜಕ್ಕೆ ಖರ್ಚು ಮಾಡಬೇಕು. ಇದರಲ್ಲೊಂದು ಸೊಗಸಿದೆ. ತನ್ನದೇ ನೌಕರರಿಗೆ ಮಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ದಿನನಿತ್ಯದ ವ್ಯವಹಾರವನ್ನು ನೆಟ್ಟಗೆ ಮಾಡಿದ್ದೂ ಬರುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋ ಗಾದೆಗೆ ಸಂಸತ್ತು ಅಂಕಿತ ಹಾಕಿಬಿಟ್ಟಿದೆ.

ಹಾಗಾಗಿ ಬೆಂಗಳೂರಿನ ಸುತ್ತಮುತ್ತ ಉಪಕಾರಕ್ಕೆ ಬರವಿಲ್ಲ. ಶನಿವಾರ ಬೆಳಗ್ಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಹುಡುಗರು ಬಸ್ಸಲ್ಲಿ ಬಂದಿಳಿದು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ. ಹೋದ ವರ್ಷ ಇನ್ನೊಂದು ಕಂಪನಿ ಬಳಿದದ್ದರ ಮೇಲೇ ಬಳಿಯುತ್ತಾರೆ. ಹೊಸಕೋಟೆ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿದೆ. ಬಾಗಿಲಿಗೆ ದೊಡ್ಡ ಬೀಗ. ಕಿಟಕಿಯಿಂದ ಇಣುಕಿದರೆ ಸಾಲಾಗಿ ಕಂಪ್ಯೂಟರು, ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ ಮಲಗಿಸಿದ್ದಾರೆ. ಪ್ರತಿಯೊಂದಕ್ಕೂ ದಾನಿಗಳ ಸ್ಟಿಕ್ಕರ್. ಯುಪಿಎಸ್ ಬ್ಯಾಟರಿ ಕೆಟ್ಟು ಒಂದು ವರ್ಷ ದಾಟಿದೆಯಂತೆ. “ಬ್ಯಾಟರಿ ಕೊಡ್ಸೋಕೆ ಯಾರೂ ಬರಲ್ಲ ಸಾರ್, ಉದ್ಘಾಟನೆ ಮಾಡೋಕಾಗಲ್ವಲ್ಲ ಅದನ್ನ” ಅಂದರು ಅಲ್ಲಿನ ಮೇಷ್ಟ್ರು. ಬ್ಯಾಟರಿಗೂ ಒಂದು ರಿಬ್ಬನ್ ಕಟ್ಟಿ ನೋಡಬಹುದಿತ್ತು.

ಎಐನ ನೈತಿಕತೆ ಬಗ್ಗೆ ಸ್ಟಾರ್ ಹೋಟೆಲಲ್ಲಿ ಸಮಾವೇಶಗಳೂ ನಡೆಯುತ್ತವೆ. ಸಸಿಗೆ ನೀರೆರೆದು ಉದ್ಘಾಟನೆ, ಸೆಣಬಿನ ಚೀಲ, ಸಿರಿಧಾನ್ಯದ ಊಟ. ಒಳಗೆ ‘ಎಲ್ಲರನ್ನೂ ಒಳಗೊಳ್ಳುವ ತಂತ್ರಜ್ಞಾನ’ ಅಂತ ಗೋಷ್ಠಿ. ಅವರನ್ನೆಲ್ಲ ಕರೆತಂದ ಆ್ಯಪ್ ಕ್ಯಾಬಿನ ಡ್ರೈವರುಗಳು ಹೊರಗೆ ಕಾಂಪೌಂಡ್ ಪಕ್ಕ ಟಾಯ್ಲೆಟ್ ಹುಡುಕುತ್ತಾ ನಿಂತಿರುತ್ತಾರೆ.

ನಗು ಬರಬೇಕು. ಬರುತ್ತಿಲ್ಲ. ಯಾಕೆ ಅಂದರೆ ಈ ದಾನಿಗಳು ಹುಡುಕುತ್ತಿರುವ ನ್ಯಾಯ ಏನು ಅಂತ ನಮಗೆ ಗೊತ್ತಿದೆ, ಅದನ್ನು ಬರೆದೂ ಇಟ್ಟಿದ್ದೇವೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಪ್ರತಿ ಡೆಲಿವರಿಗೆ, ಪ್ರತಿ ಟ್ರಿಪ್ಪಿಗೆ ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಆ್ಯಪ್ ಯಾವ ಆಧಾರದ ಮೇಲೆ ಕೆಲಸ ಹಂಚುತ್ತದೆ, ರೇಟಿಂಗ್ ಹೇಗೆ ಹಾಕುತ್ತದೆ ಅಂತ ಕಾರ್ಮಿಕನಿಗೆ ತಿಳಿಸಬೇಕು. ಕೆಲಸದಿಂದ ತೆಗೆಯೋದಾದರೆ ಕಾರಣ ಬರೆದು ಕೊಡಬೇಕು, 14 ದಿನ ಮೊದಲು ಹೇಳಬೇಕು. ಇಷ್ಟೇ. ಫೌಂಡೇಶನ್ ಬೇಡ, ಸಮಾವೇಶ ಬೇಡ. ಕರಡು ಬಂದಾಗ ಉದ್ಯಮದ ಸಂಘಟನೆಗಳು ಏನಂದವು? ವ್ಯಾಪಾರಕ್ಕೆ ತೊಡಕು ಅಂದವು. ಆ್ಯಪ್ ಒಳಗಿನ ಲೆಕ್ಕಾಚಾರ ವ್ಯಾಪಾರದ ಗುಟ್ಟು ಅಂದವು. ಮನಸ್ಸು ಬಂದ ಕಡೆಗೆ ಲಾಭದ ಎರಡು ಪರ್ಸೆಂಟ್ ಕೊಟ್ಟು ಫೋಟೋ ತೆಗೆಸಿಕೊಳ್ಳೋಕೆ ತೊಡಕಿಲ್ಲ. ದುಡಿದವನಿಗೆ ಹಕ್ಕಾಗಿ ಒಂದು ಪರ್ಸೆಂಟ್ ಕೊಡು ಅಂದ ಕೂಡಲೇ ಹೊಟ್ಟೆನೋವು ಶುರು. ಎಷ್ಟು ವರ್ಷ ಅಂತ ಇದನ್ನೇ ನೋಡೋದು? ಬೇಜಾರಾಗಿಹೋಗಿದೆ.

ನಮ್ಮ ಬೀದಿಗೆ ಪಾರ್ಸೆಲ್ ತರುತ್ತಿದ್ದ ಹುಡುಗನ ಐಡಿ ಬ್ಲಾಕ್ ಆಯಿತು. ಕಾಯ್ದೆ ಬಂದ ಮೇಲೆಯೇ. ಕಾಗದವೂ ಇಲ್ಲ, 14 ದಿನವೂ ಇಲ್ಲ. ಬೆಳಗ್ಗೆ ಎದ್ದು ಆ್ಯಪ್ ತೆರೆದರೆ ಲಾಗಿನ್ನೇ ಆಗಲಿಲ್ಲ. ಚಾಟ್‌ನಲ್ಲಿ “ಯಾಕೆ?” ಅಂತ ಕೇಳಿದ. ಅತ್ತ ಕಡೆ ಇದ್ದದ್ದು ಎಐ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಅಂದಿತು. ಮತ್ತೆ ಕೇಳಿದ. ಮತ್ತೆ ವಿಷಾದಿಸಿತು. ಮೂರನೇ ಸಲ ಕೇಳಿದ್ದಕ್ಕೆ ಸಂಭಾಷಣೆ ಮುಗಿಸಿ, ತನ್ನ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಕೇಳಿತು.